ಜೀವಪರೀಕ್ಷೆಯ ಐದನೆಯ ಪ್ರಶ್ನೆ

ಈ ಸಲದ ಜೀವಪರೀಕ್ಷೆ ನಮ್ಮ ಮನೆಗೆ ಬಂತು ಎಂಬ ಸುದ್ದಿ ತಂದವರು ವೀರಭದ್ರಯ್ಯ ಮೇಷ್ಟ್ರು. ನಾನಾಗ ನಮ್ಮ ಹಿಟ್ಟಿನ ಮಿಲ್ಲಿನಲ್ಲಿ ಯಾರದೋ ರಾಗಿ ಬೀಸುತ್ತಿದ್ದೆ. ಮೆಷಿನ್ನಿನ ಸದ್ದಿನಲ್ಲಿ ಅವರ ಮಾತು ಕೇಳಿಸಲಿಲ್ಲ, ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಆದರೆ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ನೀಲಿ ಮಸಿಯ ಪೆನ್ನು ಹಿಡಿದಿದ್ದರು. ಆ ಎರಡನ್ನೂ ಒಟ್ಟಿಗೆ ಕಂಡರೆ ನಮ್ಮೂರಿನ ಹಸುಗೂಸಿಗೂ ವಿಷಯ ತಿಳಿಯುತ್ತದೆ. ನಾನು ಸ್ವಿಚ್ಚು ಆರಿಸಿ, "ಅಯ್ಯೋ ನನ್ನ ಕರ್ಮವೇ!" ಎಂದೆ. ಮೇಷ್ಟ್ರು ನಗುತ್ತಾ ಕಾಯಿಯನ್ನು ನನ್ನ ಮಡಿಲಿಗೆ ಹಾಕಿದರು.

ನಮ್ಮೂರಿನಲ್ಲಿ ವರ್ಷಕ್ಕೊಂದು ಮನೆ ಸರದಿಯ ಪ್ರಕಾರ ಈ ಪರೀಕ್ಷೆ ಬರೆಯಬೇಕು. ಇರುವುದು ಐದೇ ಪ್ರಶ್ನೆ. ಗಿಡದ್ದೊಂದು, ಪ್ರಾಣಿಯದೊಂದು, ಮನುಷ್ಯನ ದೇಹದ್ದೊಂದು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯದೊಂದು, ಕೊನೆಯದು ವಂಶದ್ದು. ಬರೆದವರು ಏನು ಬರೆಯುತ್ತಾರೋ ಮುಂದಿನ ಪರೀಕ್ಷೆಯವರೆಗೆ ನಮ್ಮೂರಿನ ಮಟ್ಟಿಗೆ ಅದೇ ಸತ್ಯ. ಸರಿಯಾಗಿ ಬರೆದರೆ ಎಲ್ಲವೂ ಹೇಗಿದೆಯೋ ಹಾಗೇ ಇರುತ್ತದೆ, ಆದ್ದರಿಂದ ಯಾರೂ ಹೊಗಳುವುದಿಲ್ಲ. ತಪ್ಪು ಬರೆದರೆ ಊರಿಗೆ ಊರೇ ಅನುಭವಿಸುತ್ತದೆ, ಬರೆದವರು ವರ್ಷವಿಡೀ ಬೈಸಿಕೊಳ್ಳುತ್ತಾರೆ. ಮನೆಯಲ್ಲಿ ಅಡುಗೆ ಮಾಡುವವರೇ ಬರೆಯಬೇಕು ಎಂಬುದು ಹಿಂದಿನಿಂದ ಬಂದ ಪದ್ಧತಿ. ನನ್ನ ಗಂಡ ಚಿಕ್ಕಣ್ಣ ಮೇಷ್ಟ್ರು ಕೇಳುವ ಮೊದಲೇ ಎರಡೂ ಕೈ ಎತ್ತಿಬಿಟ್ಟರು. "ನಾನು ಕಾಫಿ ಕಾಸ್ತೀನಿ ಅಷ್ಟೇ ಮೇಷ್ಟ್ರೇ. ಕಾಫಿ ಅಡುಗೆ ಲೆಕ್ಕಕ್ಕೆ ಬರಲ್ಲ." ಮಾರನೆಯ ದಿನದಿಂದ ನನಗೆ ಹುಷಾರಿಲ್ಲದಿದ್ದರೂ ಪುಣ್ಯಾತ್ಮ ಒಂದು ಸಾರಿನ ಪಾತ್ರೆ ಮುಟ್ಟಲಿಲ್ಲ.

ನನಗೆ ಹೆದರಿಕೆಯಾಗಿದ್ದಕ್ಕೆ ಕಾರಣವಿದೆ. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ ಯಾರೋ ಮಹಾರಾಯ ದೊಡ್ಡವರ ಮೈಯಲ್ಲಿರುವ ಮೂಳೆ ಇನ್ನೂರ ಆರು ಎಂದು ಬರೆಯುವ ಬದಲು ಇನ್ನೂರ ಅರವತ್ತು ಎಂದು ಬರೆದಿದ್ದ. ಆ ಐವತ್ತನಾಲ್ಕು ಮೂಳೆ ಎಲ್ಲೆಲ್ಲಿ ಬಂದು ಕೂತವೋ ಯಾರಿಗೂ ತಿಳಿಯಲಿಲ್ಲ. ಕೂತರೆ ಲಟಕ್, ಎದ್ದರೆ ಲಟಕ್. ಹೊಸ ಮದುವಣಗಿತ್ತಿ ನಾನು, ಬಾಗಿಲು ದಾಟಿದರೂ ಅತ್ತೆಗೆ ಸದ್ದು ಕೇಳಿಸುತ್ತಿತ್ತು. ಇನ್ನೊಂದು ವರ್ಷ ಜೇಡಕ್ಕೆ ಆರು ಕಾಲು ಎಂದು ಬರೆದರು. ಪಾಪ, ಜೇಡಗಳು ಸೂರಿನಿಂದ ಜಾರಿ ಜಾರಿ ಸಾರಿಗೆ ಬೀಳುತ್ತಿದ್ದವು. ಇವೆಲ್ಲ ಮರೆತು ಮಾಡಿದ ತಪ್ಪು. ಹೋಟೆಲಿನ ಸಾವಂತ್ರಮ್ಮ ಮಾತ್ರ ಬೇಕೆಂದೇ ತಪ್ಪು ಬರೆದವಳು. ಸೊಳ್ಳೆಗಳು ರಕ್ತ ಕುಡಿಯುವುದಿಲ್ಲ, ಗಂಡಾಗಲಿ ಹೆಣ್ಣಾಗಲಿ ಹೂವಿನ ರಸವನ್ನೇ ಕುಡಿದು ಬದುಕುತ್ತವೆ ಎಂದು ಬರೆದಳು. ಊರಿಗೆ ಉಪಕಾರ ಮಾಡುತ್ತೇನೆ ಅಂತ ಅವಳ ಲೆಕ್ಕಾಚಾರ. ಮೊದಲ ವಾರ ಜನ ಅವಳನ್ನು ಹೊತ್ತು ಮೆರೆಸಿದರು. ಆಮೇಲೆ ನೋಡಿ ಶುರುವಾಯಿತು. ಹೆಂಗಸರು ಒಂದು ಮೊಳ ಮಲ್ಲಿಗೆ ಮುಡಿಯುವ ಹಾಗಿಲ್ಲ, ತಲೆಯ ಸುತ್ತ ಸೊಳ್ಳೆಯ ಸಂತೆ. ದೇವರ ಪಟದ ಹಾರ ಗುಂಯ್ ಅನ್ನುತ್ತಿತ್ತು. ಜೇನುನೊಣಗಳಿಗೆ ಹೂವಿನ ಹತ್ತಿರ ಜಾಗವೇ ಇಲ್ಲದೆ ಆ ವರ್ಷ ಕುಂಬಳ, ಹೀರೆ ಒಂದೂ ಕಾಯಿ ಕಚ್ಚಲಿಲ್ಲ. ಅಂದಿನಿಂದ ಊರಿನವರಿಗೆ ಬುದ್ಧಿ ಬಂತು. ಕ್ಷೌರದ ಅಂಗಡಿಯಲ್ಲಿ ಕೂತವರೂ ಮೂತ್ರಪಿಂಡದ ಕೆಲಸ ಏನು ಅಂತ ಚರ್ಚೆ ಮಾಡುತ್ತಾರೆ. ನಮ್ಮೂರಿನ ಹೆಂಗಸರು ಕೊತ್ತಂಬರಿ ಕೊಳ್ಳುವಾಗ ಅದರ ಎಲೆಯ ನರ ನೋಡಿ ಕೊಳ್ಳುತ್ತಾರೆ.

ಇಂಥ ಊರಿನಲ್ಲಿ ಹತ್ತನೆಯ ತರಗತಿಯ ವಿಜ್ಞಾನಕ್ಕೆ ಮೂರು ಸಲ ಕೂತು ಮೂರು ಸಲವೂ ಡುಮ್ಕಿ ಹೊಡೆದವಳು ನಾನು. ಹೆಸರು ದೇವೀರಮ್ಮ. ವಯಸ್ಸು ಐವತ್ತೆರಡು. ಮಿಲ್ಲಿನ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ದೊಡ್ಡದಾಗಿದೆ, ಬಾಯಿ ಮೊದಲಿನಿಂದಲೂ ದೊಡ್ಡದೇ.

ಮೇಷ್ಟ್ರು ಹೋದ ಮೇಲೆ ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದರೆ ನನ್ನ ಮಗಳು ಹೇಮಿ ಕುಣಿದಾಡುತ್ತಾ ಬಂದಳು. ಹೇಮಿ ಎಂದರೆ ಹೇಮಾವತಿ, ಹತ್ತೊಂಬತ್ತು ವರ್ಷ, ಡಿಗ್ರಿ ಕಾಲೇಜಿನಲ್ಲಿ ಜೀವಶಾಸ್ತ್ರವನ್ನೇ ತೆಗೆದುಕೊಂಡಿದ್ದಾಳೆ. "ಅಮ್ಮಾ, ನಾನು ಹೇಳಿಕೊಡ್ತೀನಿ. ಒಂದು ತಿಂಗಳಿದೆ. ನಿನ್ನನ್ನ ಪಾಸು ಮಾಡಿಸದಿದ್ರೆ ನನ್ನ ಹೆಸರು ಹೇಮಿನೇ ಅಲ್ಲ," ಎಂದಳು.

"ಕೋಣನ ಮುಂದೆ ಕಿನ್ನರಿ ಬಾರಿಸ್ತೀನಿ ಅಂತೀಯಲ್ಲೇ," ಎಂದೆ.

"ಕೋಣ ಸಸ್ತನಿ ಕಣಮ್ಮ. ಕಿವಿ ಚೆನ್ನಾಗಿ ಕೇಳಿಸತ್ತೆ. ಬಾ, ಪಾಠ ಶುರು," ಎಂದು ನನ್ನ ಕೈಹಿಡಿದು ಎಬ್ಬಿಸಿದಳು.

ಹೇಮಿಯನ್ನು ನಾನು ಹೆತ್ತಿಲ್ಲ. ಇದು ಊರಿಗೆಲ್ಲ ಗೊತ್ತಿರುವ ವಿಷಯ, ಅವಳಿಗೂ ಮಾತು ಬಂದಾಗಿನಿಂದ ಗೊತ್ತು. ಅವಳು ಒಂದು ವರ್ಷದ ಕೂಸಾಗಿದ್ದಾಗ ಪಕ್ಕದ ಊರಿನ ಅನಾಥಾಲಯದಿಂದ ಕರೆದುಕೊಂಡು ಬಂದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮಾಂಗಲ್ಯದ ಸರ ಚೀಪುತ್ತಾ ಬಂದಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ಹೆರಲೂ ಇಲ್ಲ, ನನ್ನದು ಹೆಗ್ಗಣವೂ ಅಲ್ಲ, ಅಪ್ಪಟ ಚಿನ್ನ. ಎಳೆದು ಮಾಡಿದ ಹಾಗೆ ನೀಳ ಮೂಗು, ಬೆಕ್ಕಿನ ಕಣ್ಣು, ಉದ್ದ ಕತ್ತು. ನನ್ನದೋ ಮುಖದ ಮಧ್ಯೆ ಬೋಂಡ ಇಟ್ಟಂಥ ಮೂಗು, ಕತ್ತು ಇದೆಯೋ ಇಲ್ಲವೋ ಅಂತ ಹುಡುಕಬೇಕು. ಚಿಕ್ಕಣ್ಣನವರೂ ಅಷ್ಟರಲ್ಲೇ ಇದ್ದಾರೆ.

ಹೋದ ತಿಂಗಳು ಒಂದು ಘಟನೆ ನಡೆಯಿತು. ಹೊಸದಾಗಿ ನಮ್ಮ ಬೀದಿಗೆ ಬಂದ ಹೆಂಗಸೊಬ್ಬಳು ಗೋಧಿ ಬೀಸಿಸಲು ಬಂದಿದ್ದಳು. ಹೇಮಿ ಜರಡಿ ಹಿಡಿದು ನಿಂತಿದ್ದಳು. ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಚುರುಕಾಗಿದಾಳೆ. ಎಷ್ಟು ದಿನ ಆಯ್ತು ಕೆಲಸಕ್ಕೆ ಸೇರಿ?" ಎಂದು ನನ್ನನ್ನು ಕೇಳಿದಳು. ಹೇಮಿ ನಕ್ಕು, "ಹದಿನೆಂಟು ವರ್ಷ ಆಯ್ತಕ್ಕ, ಇನ್ನೂ ಸಂಬಳ ಕೊಟ್ಟಿಲ್ಲ," ಎಂದಳು. ವಿಷಯ ತಿಳಿದ ಮೇಲೆ ಆ ಹೆಂಗಸು ನಾಚಿಕೆಯಿಂದ ಕುಗ್ಗಿ ಹೋದಳು. ಅವಳದೇನು ತಪ್ಪು? ಆದರೂ ನಾನು ಅವತ್ತು ಊಟ ಮಾಡಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಊರಿನ ಎಲ್ಲ ಹೆಂಗಸರಿಗೂ ಯಾರಾದರೂ ಹೇಳಿದ್ದನ್ನು ಕೇಳಿದ್ದೇನೆ. ಹೊಗಳುವುದಕ್ಕೆ ಹೇಳುತ್ತಾರೆ, ಬೈಯುವುದಕ್ಕೂ ಹೇಳುತ್ತಾರೆ. ನನಗೆ ಒಬ್ಬರೂ, ಒಂದು ದಿನವೂ ಹೇಳಿಲ್ಲ. ಬೈಯುವುದಕ್ಕಾದರೂ ಹೇಳಬಾರದೇ ಅನ್ನಿಸುತ್ತಿತ್ತು.

ಪಾಠ ಮಿಲ್ಲಿನಲ್ಲೇ ನಡೆಯುತ್ತಿತ್ತು. ಒಂದು ಡಬ್ಬ ರಾಗಿ ಬೀಸಿ ಮುಗಿಯುವುದಕ್ಕೂ ಇನ್ನೊಂದು ಡಬ್ಬ ಸುರಿಯುವುದಕ್ಕೂ ನಡುವೆ ಹೇಮಿ ಒಂದು ಪ್ರಶ್ನೆ ಎಸೆಯುತ್ತಿದ್ದಳು. "ಕಪ್ಪೆ ಹೇಗೆ ಉಸಿರಾಡತ್ತೆ?" "ಶ್ವಾಸಕೋಶದಿಂದಲೂ ಚರ್ಮದಿಂದಲೂ." "ಹೃದಯಕ್ಕೆ ಎಷ್ಟು ಕೋಣೆ?" "ನಾಲ್ಕು. ಮೇಲೆರಡು, ಕೆಳಗೆರಡು, ನಮ್ಮನೆಗಿಂತ ಒಂದು ಜಾಸ್ತಿ." "ಹಾಲು ಮೊಸರಾಗೋದು ಹೇಗೆ?" "ಅದನ್ನ ನನಗೆ ಹೇಳಿಕೊಡ್ತೀಯೇನೇ? ನೀನು ಕಣ್ಣು ಬಿಡೋಕೆ ಮುಂಚೆಯಿಂದ ಹೆಪ್ಪು ಹಾಕ್ತಿದೀನಿ!" ಆದರೂ ಆ ಹೆಪ್ಪಿನೊಳಗೆ ಬ್ಯಾಕ್ಟೀರಿಯಾ ಇರುತ್ತದೆ, ಅದು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತದೆ ಅಂತ ತಿಳಿದಾಗ ನನಗೆ ಖುಷಿಯಾಯಿತು. ಇಷ್ಟು ವರ್ಷ ನನ್ನ ಕೈಕೆಳಗೆ ಇಷ್ಟೊಂದು ಜನ ದುಡಿಯುತ್ತಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಹತ್ತನೆಯ ತರಗತಿಯಲ್ಲಿ ಇದನ್ನೆಲ್ಲ ಯಾರಾದರೂ ಹೀಗೆ ಹೇಳಿದ್ದರೆ ನಾನು ಡುಮ್ಕಿ ಹೊಡೆಯುತ್ತಲೇ ಇರಲಿಲ್ಲ.

ಇತ್ತ ಹಿಟ್ಟು ಬೀಸಿಸಲು ಬರುವವರ ಸಂಖ್ಯೆ ಹೆಚ್ಚಾಯಿತು. ಮನೆಯಲ್ಲಿ ಹಿಟ್ಟಿದ್ದವರೂ ಅರ್ಧ ಸೇರು ಹಿಡಿದು ಬರುತ್ತಿದ್ದರು. ಟೈಲರ್ ಗಫಾರ್ ಸಾಬರು ಟೋಪಿ ತೆಗೆದು ಬೋಳು ತಲೆ ಸವರಿಕೊಳ್ಳುತ್ತಾ, "ದೇವೀರಮ್ಮ, ಕೂದಲ ಮೇಲೇನಾದ್ರೂ ಪ್ರಶ್ನೆ ಬಂದ್ರೆ ಸ್ವಲ್ಪ ನೋಡ್ಕೊಳಿ. ಜಾಸ್ತಿ ಬೇಡ, ಕಿವಿ ಮೇಲಿಂದ ಇಲ್ಲೀತನಕ ಬಂದ್ರೆ ಸಾಕು," ಎಂದು ಬೆರಳಿಟ್ಟು ತೋರಿಸಿದರು.

"ಸಾಬ್ರೇ, ಹಾಗೆ ಬರೆದ್ರೆ ನಿಮಗೊಬ್ಬರಿಗೇ ಬರಲ್ಲ. ಊರಿನ ಕೋಳಿಗೂ ಬರತ್ತೆ," ಎಂದೆ. ಸಾಬರು ಯೋಚನೆ ಮಾಡಿ ಟೋಪಿ ಹಾಕಿಕೊಂಡರು.

ಮೂರನೆಯ ವಾರ ಹೇಮಿ ವಂಶದ ಪಾಠ ತೆಗೆದಳು. ಬಟಾಣಿ ಗಿಡದ ಉದ್ದ, ಗಿಡ್ಡ, ಕಾಳಿನ ಬಣ್ಣ ಅಂತೆಲ್ಲ ಹೇಳಿ, "ಮಗುಗೆ ಅರ್ಧ ಗುಣ ಹೆತ್ತ ತಾಯಿಯಿಂದ, ಅರ್ಧ ತಂದೆಯಿಂದ ಬರತ್ತೆ. ಮೂಗು, ಕಣ್ಣು, ಕಿವಿಯ ಹಾಲೆ ಎಲ್ಲ ಹಾಗೇ," ಎಂದಳು. ಹೇಳುವಾಗ ಅವಳ ದನಿಯಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಮಿಂಚು ಹೊಡೆಯಿತು. ಸಾಕಿದವರಿಂದ ಬರುತ್ತದೆ ಅಂತ ಬರೆದುಬಿಟ್ಟರೆ? ಪೆನ್ನು ನನ್ನ ಕೈಯಲ್ಲಿದೆ. ಒಂದೇ ಒಂದು ಮಾತು. ಒಂದು ವರ್ಷವಾದರೂ ನನ್ನ ಮಗಳು ನನ್ನ ಮಗಳ ಹಾಗೆ ಕಾಣುತ್ತಾಳೆ. ಬೋಂಡ ಮೂಗು ಬಂದರೂ ಬರಲಿ, ಅವಳ ಮುಖಕ್ಕೆ ಅದೂ ಒಪ್ಪುತ್ತದೆ. ಸಂತೆಯಲ್ಲಿ ಇಬ್ಬರೂ ಹೋಗುತ್ತಿದ್ದರೆ ಹಿಂದಿನಿಂದ ಯಾರಾದರೂ, "ನೋಡ್ರೇ, ಥೇಟ್ ಅಮ್ಮನ ಹಾಗೆ," ಅನ್ನುತ್ತಾರೆ. ಅದೊಂದು ಮಾತು ಕೇಳಿಸಿಕೊಂಡರೆ ಸಾಕಿತ್ತು ನನಗೆ.

ಅಂದಿನಿಂದ ಆ ಒಂದು ಪಾಠ ನನಗೆ ತಲೆಗೆ ಹೋಗುವುದೇ ಇಲ್ಲ ಅಂತ ನಾಟಕ ಶುರುಮಾಡಿದೆ. ಪರೀಕ್ಷೆಯಲ್ಲಿ ತಪ್ಪು ಬರೆದರೆ ಪಾಪ, ಆ ಪಾಠ ಅವಳಿಗೆ ಬರಲೇ ಇಲ್ಲ ಅಂತ ಜನ ಅಂದುಕೊಳ್ಳಲಿ ಎಂದು. ಸಾವಂತ್ರಮ್ಮನ ಹಾಗೆ ಬೇಕೆಂದೇ ಮಾಡಿದಳು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಹೇಮಿ ತಾಳ್ಮೆಯಿಂದ ಮತ್ತೆ ಮತ್ತೆ ಹೇಳುತ್ತಿದ್ದಳು. ನಾನು ಮತ್ತೆ ಮತ್ತೆ ಬಟಾಣಿ ಅಂದರೆ ಸಾಗು ನೆನಪಾಗುತ್ತದೆ ಎನ್ನುತ್ತಿದ್ದೆ.

ಪರೀಕ್ಷೆಗೆ ಎರಡು ದಿನವಿದ್ದಾಗ ಪಕ್ಕದ ಮನೆಯ ಬೋರಮ್ಮ ಮೊಮ್ಮಗಳು ಚಂದ್ರಿಯನ್ನು ಕರೆದುಕೊಂಡು ಜೋಳ ಬೀಸಿಸಲು ಬಂದಳು. ಬೋರಮ್ಮನ ಮಗ ಸೊಸೆ ಇಬ್ಬರೂ ಆರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡರು. ಆಗ ಚಂದ್ರಿ ಎರಡು ವರ್ಷದ ಮಗು. ಅಜ್ಜಿಯೇ ಸಾಕಿದ್ದಾಳೆ. ಚಂದ್ರಿ ಜೋಳದ ಕಾಳು ಬಾಯಿಗೆ ಹಾಕಿಕೊಂಡು ನಕ್ಕಾಗ ಮುಂದಿನ ಎರಡು ಹಲ್ಲಿನ ನಡುವೆ ಸಂದು ಕಂಡಿತು. ಬೋರಮ್ಮ ಅವಳ ಗಲ್ಲ ಹಿಡಿದು, "ನೋಡವ್ವ, ನನ್ ಮಗ ಮಾದೇವಂದೇ ಹಲ್ಲು. ಬೆಳಿಗ್ಗೆ ಇವಳು ಎದ್ದು ಬಂದು 'ಅಜ್ಜೀ, ಹೊಟ್ಟೆ ಹಸೀತದೆ' ಅಂದ್ರೆ ಅವನೇ ಬಂದು ನಿಂತಂಗಾಯ್ತದೆ. ನಂಗೆ ಅಷ್ಟೇ ಸಾಕು ಕಣವ್ವ, ಇನ್ನೇನೂ ಬ್ಯಾಡ," ಎಂದಳು.

ನಾನು ಜೋಳ ಸುರಿದು ಮೆಷಿನ್ ಜೋರು ಮಾಡಿದೆ. ಸಾಕಿದವರಿಂದ ಅಂತ ನಾನು ಬರೆದರೆ ಈ ಮಗುವಿನ ಹಲ್ಲಿನ ಸಂದು ಮುಚ್ಚಿಕೊಳ್ಳುತ್ತದೆ, ಬೋರಮ್ಮನ ಅಗಲ ದವಡೆ ಬರುತ್ತದೆ. ಆದರೇನಂತೆ, ಒಂದು ವರ್ಷ ತಾನೇ? ವರ್ಷ ಕಳೆದ ಮೇಲೆ ಮತ್ತೆ ಅವಳ ಮುಖ ಅವಳಿಗೆ. ಮೂಳೆ ಲಟಲಟ ಅನ್ನಿಸಿಕೊಂಡು ವರ್ಷ ಕಳೆದಿಲ್ಲವೇ ನಾವು? ಬೋರಮ್ಮನೂ ಸುಧಾರಿಸಿಕೊಳ್ಳುತ್ತಾಳೆ ಬಿಡು ಅಂತ ನನಗೆ ನಾನೇ ಹೇಳಿಕೊಂಡೆ. ಹೀಗೆ ಹೇಳಿಕೊಂಡೇ ಅವಳ ಹಿಟ್ಟನ್ನು ಎರಡು ಸಲ ಬೀಸಿಬಿಟ್ಟಿದ್ದೆ. "ಏನವ್ವ ಇದು, ಮುಖಕ್ಕೆ ಹಚ್ಚೋ ಪೌಡರ್ ಆಗದಲ್ಲ!" ಎಂದು ಬೋರಮ್ಮ ನಗುತ್ತಾ ಹೋದಳು.

ಪರೀಕ್ಷೆಯ ದಿನ ಬೆಳಿಗ್ಗೆ ಹೇಮಿ ನನ್ನ ಹಣೆಗೆ ಕುಂಕುಮ ಇಟ್ಟು, ಪೆನ್ನಿಗೆ ಮಸಿ ತುಂಬಿಸಿ ಕೊಟ್ಟಳು. ಚಿಕ್ಕಣ್ಣನವರು ಎರಡು ಸಲ ಕಾಫಿ ಕಾಸಿದರು. ಶಾಲೆಯ ಪ್ರಯೋಗಾಲಯದಲ್ಲಿ ಒಂದೇ ಒಂದು ಬೆಂಚು, ಪಕ್ಕದಲ್ಲಿ ಇನ್ನೂರ ಆರು ಮೂಳೆಯ ಅಸ್ಥಿಪಂಜರ. ಕಾಂಪೌಂಡಿನ ಹೊರಗೆ ಊರಿಗೆ ಊರೇ ಬಂದು ನಿಂತಿತ್ತು. ಬರೆಯುವ ಹೊತ್ತಿನಲ್ಲಿ ಯಾರೂ ಮಾತಾಡಬಾರದು ಎಂಬ ಕಟ್ಟಳೆಯಿದೆ. ಸೊಪ್ಪು ಮಾರುವವಳೂ ಅವತ್ತು ಕೈಸನ್ನೆಯಲ್ಲೇ ವ್ಯಾಪಾರ ಮಾಡುತ್ತಾಳೆ. ವೀರಭದ್ರಯ್ಯ ಮೇಷ್ಟ್ರು ಬೀರು ತೆಗೆದು, ಗಾಜಿನ ಜಾಡಿಗಳ ನಡುವೆ ಇದ್ದ ಲಕೋಟೆಯನ್ನು ನನ್ನ ಮುಂದಿಟ್ಟು, "ನಿಧಾನವಾಗಿ ಬರಿಯಮ್ಮ. ಭಯ ಬೇಡ," ಎಂದು ಹೊರಗೆ ಹೋದರು.

ನಾನು ಮೊದಲು ಐದನೆಯ ಪ್ರಶ್ನೆಯನ್ನೇ ನೋಡಿದೆ. ಮಗುವಿಗೆ ಮುಖದ ಚಹರೆ ಯಾರಿಂದ ಬರುತ್ತದೆ? ಹೇಳಿ ಮಾಡಿಸಿದ ಹಾಗಿತ್ತು. ಆಮೇಲೆ ಮಿಕ್ಕಿದ್ದನ್ನು ಬರೆಯಲು ಶುರುಮಾಡಿದೆ. ಮುಟ್ಟಿದರೆ ಮುನಿಯ ಮಡಚಿದ ಎಲೆ ಮತ್ತೆ ಹೇಗೆ ತೆರೆಯುತ್ತದೆ ಅಂತ ಮೊದಲನೆಯ ಪ್ರಶ್ನೆ. ಹೇಮಿ ಇದನ್ನು ಹೇಳಿಕೊಟ್ಟಿದ್ದಳು, ಎಲೆಯ ಬುಡದಲ್ಲಿ ನೀರಿಗೆ ಏನೋ ಆಗುತ್ತದೆ. ಆದರೆ ನನ್ನ ಜೀವವೆಲ್ಲ ಐದನೆಯದರಲ್ಲಿತ್ತು, ನೆನಪಾಗಲಿಲ್ಲ. ಕೋಪ ಮಾಡಿಕೊಂಡಿದ್ದು ಮತ್ತೆ ಸರಿಹೋಗುವುದು ಹೇಗೆ? ಸ್ವಲ್ಪ ಹೊತ್ತು ಬಿಟ್ಟು, ಹತ್ತಿರ ಕೂತು ರಮಿಸಿದರೆ ತೆರೆಯುತ್ತದೆ ಅಂತ ಬರೆದೆ. ಎರಡನೆಯದು ಕಪ್ಪೆ, ಮೂರನೆಯದು ಹೃದಯ, ನಾಲ್ಕನೆಯದು ಮೊಸರು. ಅವು ನೀರು ಕುಡಿದಷ್ಟು ಸುಲಭವಾಗಿ ಬಂದವು.

ಐದನೆಯದಕ್ಕೆ ಪೆನ್ನು ಎತ್ತಿದೆ. ಸಾಕಿದವರಿಂದ ಅಂತ ಮನಸ್ಸಿನಲ್ಲೇ ಒಂದು ಸಲ ಬರೆದು ನೋಡಿದೆ. ಎಷ್ಟು ಸುಖವಾಯಿತು ಅಂತೀರಿ! ಹೇಮಿ ನನ್ನ ಮೂಗು ಹೊತ್ತು ಕಾಲೇಜಿಗೆ ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಕಿಟಕಿಯಾಚೆ ಏನೋ ಅಲ್ಲಾಡಿತು. ನೋಡಿದರೆ ಚಂದ್ರಿ, ಗೇಟಿನ ಕಂಬಿ ಹತ್ತಿ ನಿಂತಿದ್ದಾಳೆ. ಮಾತಾಡುವ ಹಾಗಿಲ್ಲವಲ್ಲ, ಅದಕ್ಕೆ ನನ್ನ ಕಡೆ ಕೈ ಬೀಸುತ್ತಾ ಬಾಯಿ ತುಂಬ ಹಲ್ಲು ಕಿಸಿದಿದ್ದಾಳೆ. ಕೆಳಗೆ ಬೋರಮ್ಮ ಅವಳು ಬೀಳದ ಹಾಗೆ ಸೊಂಟ ಹಿಡಿದುಕೊಂಡು, ತಲೆಯೆತ್ತಿ ಅವಳ ಬಾಯನ್ನೇ ನೋಡುತ್ತಾ ನಿಂತಿದ್ದಳು. ಹಬ್ಬದ ದಿನ ದೇವರಿಗೆ ಮಂಗಳಾರತಿ ಆಗುವಾಗ ಜನ ನೋಡುತ್ತಾರಲ್ಲ, ಹಾಗೆ.

ನನಗೆ ಕೆಟ್ಟ ಕೋಪ ಬಂತು. ಇಷ್ಟು ದೊಡ್ಡ ಕಾಂಪೌಂಡು ಇದೆ, ಈ ಮುದುಕಿಗೆ ನಿಲ್ಲಲು ಬೇರೆ ಜಾಗ ಸಿಗಲಿಲ್ಲವೇ? ಬೆನ್ನು ತಿರುಗಿಸಿ ಕೂತೆ. ಎದುರಿಗೆ ಅಸ್ಥಿಪಂಜರ ಹಲ್ಲು ಕಿಸಿಯುತ್ತಿತ್ತು. ಥೂ ನಿನ್ನ ಅಂತ ಮನಸ್ಸಿನಲ್ಲೇ ಬೈದೆ. ಆದರೂ ಪೆನ್ನು ಮುಂದಕ್ಕೆ ಹೋಗಲಿಲ್ಲ. ನನಗೆ ಇಲ್ಲದ್ದು ಬೇಕೆಂದು ಅವಳಿಗೆ ಇರುವ ಒಂದೇ ಒಂದನ್ನು ಕಿತ್ತುಕೊಳ್ಳಲೇ? ಒಂದು ವರ್ಷ ಅಂತ ಸುಲಭವಾಗಿ ಅಂದುಬಿಟ್ಟೆ. ಎಪ್ಪತ್ತು ದಾಟಿದ ಬೋರಮ್ಮನಿಗೆ ಇನ್ನೆಷ್ಟು ವರ್ಷ ಬಾಕಿ ಇದೆ ಅಂತ ಯಾರು ಕಂಡಿದ್ದಾರೆ? ಹೇಮಿಯ ಆ ನೀಳ ಮೂಗು ಕೂಡ ಎಲ್ಲೋ ಒಬ್ಬ ತಾಯಿ ಕೊಟ್ಟಿದ್ದು. ಅದನ್ನೇ ಅಲ್ಲವೇ ನಾನು ಹದಿನೆಂಟು ವರ್ಷ ಮುದ್ದಾಡಿದ್ದು?

ಮಗುವಿನ ಮುಖದ ಚಹರೆ ಅದನ್ನು ಹೆತ್ತ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಬರುತ್ತದೆ ಎಂದು ಬರೆದೆ. ಅತ್ತುಕೊಂಡೇ ಬರೆದೆ. ಕಾಗದದ ಮೇಲೆ ಒಂದೆರಡು ಕಡೆ ಮಸಿ ಕದಡಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಹಾಳೆ ಮಡಿಸಿ ಮೇಷ್ಟ್ರನ್ನು ಕೂಗಿದೆ. ಅವರು ಹಾಳೆ ಕೈಗೆ ತೆಗೆದುಕೊಂಡು ಗಂಟೆ ಹೊಡೆದರು. ಗಂಟೆ ಹೊಡೆದ ಕ್ಷಣದಿಂದ ಬರೆದದ್ದು ಜಾರಿ.

ಹೊರಗೆ ಗದ್ದಲವೆದ್ದಿತು. ಜನ ಎಂದಿನಂತೆ ಬೆರಳು ಎಣಿಸಿಕೊಂಡರು, ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು, ಒಬ್ಬಾಕೆ ಚೊಂಬಿನಲ್ಲಿ ತಂದಿದ್ದ ಮೊಸರನ್ನು ನೆಕ್ಕಿ ನೋಡಿ ತಲೆಯಾಡಿಸಿದಳು. ಗಫಾರ್ ಸಾಬರು ಟೋಪಿಯೊಳಗೆ ಕೈ ಹಾಕಿ ತಡವಿ, "ಹೋಗ್ಲಿ ಬಿಡಿ, ಬೇಸಿಗೆಗೆ ತಂಪು," ಎಂದರು. ಮೈದಾನದ ಅಂಚಿನಲ್ಲಿ ಮಕ್ಕಳು ಮುಟ್ಟಿದರೆ ಮುನಿಯನ್ನು ಮುಟ್ಟಿ ಕಾಯುತ್ತಾ ಕೂತಿದ್ದರು. ಎಷ್ಟು ಹೊತ್ತಾದರೂ ಎಲೆ ತೆರೆಯಲಿಲ್ಲ. ಮೇಷ್ಟ್ರು ನನ್ನ ಹಾಳೆ ಬಿಡಿಸಿ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ರಮಿಸಿದರೆ ಅಂತ ಬರೆದಿದೀಯಲ್ಲಮ್ಮ ದೇವೀರಮ್ಮ!"

"ಬರೆದಾಯ್ತಲ್ಲ ಮೇಷ್ಟ್ರೇ, ಏನ್ ಮಾಡೋಕಾಗತ್ತೆ? ರಮಿಸಿ."

ವೀರಭದ್ರಯ್ಯ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, "ಬಾರಮ್ಮ, ಯಾಕಮ್ಮ ಕೋಪ, ಯಾರು ಮುಟ್ಟಿದ್ದು ನಮ್ಮ ಪುಟ್ಟೀನ?" ಎಂದರು. ಎಲೆಗಳು ಒಂದೊಂದಾಗಿ, ಬಿಗುಮಾನ ಮಾಡುತ್ತಾ ತೆರೆದುಕೊಂಡವು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಇಷ್ಟು ಸಣ್ಣ ತಪ್ಪಿನಲ್ಲಿ ವರ್ಷ ಕಳೆಯುತ್ತದಲ್ಲ ಅಂತ ಎಲ್ಲರಿಗೂ ಹೊಟ್ಟೆಗೆ ಹಾಲು ಹುಯ್ದಂತಾಗಿತ್ತು. ಬೋರಮ್ಮ ಬಂದು ನನ್ನ ಮುಖಕ್ಕೆ ನಿವಾಳಿಸಿ ನೆಟಿಗೆ ಮುರಿದು, "ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವ," ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಚಂದ್ರಿಯ ತಲೆಗೆ ಒಂದು ಮೊಟಕಿ, ಆಮೇಲೆ ಮುತ್ತಿಟ್ಟೆ.

ಹೇಮಿ ಎಲ್ಲೂ ಕಾಣಲಿಲ್ಲ. ತಿಂಗಳಿಡೀ ನನ್ನ ಪ್ರಾಣ ತಿಂದವಳು ಬಂದು ಪರೀಕ್ಷೆ ಹೇಗಾಯಿತು ಅಂತ ಕೇಳಬಾರದೇ? ಚಿಕ್ಕಣ್ಣನವರನ್ನು ವಿಚಾರಿಸಿದರೆ, "ಗಂಟೆ ಹೊಡೀತಿದ್ದ ಹಾಗೇ ಮನೆ ಕಡೆ ಓಡಿದಳಪ್ಪ. ಹೊಟ್ಟೆ ಕೆಟ್ಟಿರಬೇಕು," ಎಂದರು. ನನಗೆ ಗಾಬರಿಯಾಯಿತು. ಅಭಿನಂದನೆ ಹೇಳಲು ಬಂದವರನ್ನೆಲ್ಲ ಸರಿಸಿಕೊಂಡು ಬಿರಬಿರನೆ ಮನೆಗೆ ಬಂದೆ.

ಬಾಗಿಲು ತೆರೆದೇ ಇತ್ತು. ಹೇಮಿ ನಡುಮನೆಯ ಗೋಡೆಯ ಕನ್ನಡಿಯ ಮುಂದೆ ನಿಂತಿದ್ದಳು. ಓಡಿ ಬಂದಿದ್ದರಿಂದ ಇನ್ನೂ ಏದುಸಿರು ಬಿಡುತ್ತಿದ್ದಳು. ಮುಖವನ್ನು ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ತೋರುಬೆರಳಿನಿಂದ ಮೂಗಿನ ಮೇಲೆ ನಿಧಾನವಾಗಿ ಎಳೆದುಕೊಳ್ಳುತ್ತಿದ್ದಳು.

"ಏನೇ ಮಾಡ್ತಿದೀಯ?" ಎಂದೆ.

ಅವಳು ಬೆಚ್ಚಿಬಿದ್ದು ಕೈ ಕೆಳಗಿಳಿಸಿದಳು. "ಏನಿಲ್ಲ. ಐದನೇದು ಏನ್ ಬಂದಿತ್ತು?"

"ಮುಖದ ಚಹರೆ ಯಾರಿಂದ ಬರತ್ತೆ ಅಂತ."

"ಸರಿಯಾಗಿ ಬರೆದ್ಯಾ?"

"ಬರೆದೆ. ನೀನು ಹೇಳಿಕೊಟ್ಟ ಹಾಗೇ."

"ಗೊತ್ತಾಯ್ತು," ಎಂದಳು. ಕನ್ನಡಿಯ ಕಡೆ ಒಂದು ಸಲ ನೋಡಿದಳು. "ಮಿಕ್ಕಿದ್ದೆಲ್ಲ ಒಂದೇ ಸಲಕ್ಕೆ ಕಲ್ತೆ, ಆ ಪಾಠ ಮಾತ್ರ ಹದಿನೈದು ಸಲ ಹೇಳಿದ್ರೂ ಬರ್ಲಿಲ್ಲ ಅಂತಿದ್ದೆ. ನಾನೇನು ದಡ್ಡಿನಾ? ನೀನು ಏನು ಮಾಡ್ಬೇಕು ಅಂತಿದೀಯ ಅಂತ ಅವತ್ತೇ ತಿಳೀತು."

"ತಿಳಿದಿದ್ರೆ ಬಾಯಿಬಿಟ್ಟು ಬೈಬೇಕಿತ್ತು ತಾನೇ? ಬೇಡಮ್ಮ, ಊರಿಗೆ ತೊಂದ್ರೆ ಆಗತ್ತೆ ಅಂತ ಹೇಳ್ಬೇಕಿತ್ತು. ಕಾಲೇಜಿಗೆ ಹೋಗೋಳು ನೀನು!"

"ಹೇಳೋಣ ಅಂತ ದಿನಾ ಅಂದ್ಕೊತಿದ್ದೆ." ಹೇಮಿ ತಲೆ ತಗ್ಗಿಸಿ ದುಪಟ್ಟಾದ ತುದಿ ಸುತ್ತತೊಡಗಿದಳು. "ಹೇಳಕ್ಕಾಗ್ಲಿಲ್ಲ. ನೀನು ಸರಿಯಾಗಿ ಬರೆದಿದ್ದೇ ಒಳ್ಳೇದಾಯ್ತು. ಆದ್ರೂ ಈಗ ಬಂದು ನೋಡ್ಕೊಂಡಾಗ ಒಂಚೂರು ಬೇಜಾರಾಯ್ತಮ್ಮ."

ಹದಿನೆಂಟು ವರ್ಷದಿಂದ ಈ ಆಸೆಯನ್ನು ನಾನೊಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದೇನೆ ಅಂದುಕೊಂಡಿದ್ದೆ. ಸಂಬಳ ಕೊಟ್ಟಿಲ್ಲ ಅಂತ ನಕ್ಕವಳು, ಬಟಾಣಿ ಕಾಳಿನ ಪಾಠವನ್ನು ದನಿ ಬದಲಿಸದೆ ಹೇಳಿದವಳು, ಇವಳೂ ಒಳಗೊಳಗೇ ನನ್ನ ಬೋಂಡ ಮೂಗಿಗೆ ಆಸೆಪಟ್ಟಿದ್ದಳೇ! ನನಗೆ ತಡೆಯಲಾಗಲಿಲ್ಲ. "ಅಯ್ಯೋ ನನ್ನ ಕಂದಾ," ಎಂದು ಅವಳನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತೆ. ಅವಳೂ ಅತ್ತಳು. ಅಳುತ್ತಾ ಅಳುತ್ತಾ ಅದು ಯಾವಾಗ ನಗುವಾಯಿತೋ ಗೊತ್ತಾಗಲಿಲ್ಲ. ಅಷ್ಟು ಸಂತೋಷ ನನಗೆ ಅವಳನ್ನು ಬಸ್ಸಿನಲ್ಲಿ ಕರೆತಂದ ದಿನ ಬಿಟ್ಟರೆ ಇನ್ನೆಂದೂ ಆಗಿರಲಿಲ್ಲ.

ಹೊರಗೆ ಮಿಲ್ಲಿನ ಮುಂದೆ ಯಾರೋ ತಗಡಿನ ಡಬ್ಬ ಕೆಳಗಿಟ್ಟು, "ಯಾರ್ರೀ ಒಳಗೆ? ರಾಗಿ ಬೀಸ್ಬೇಕಿತ್ತು!" ಎಂದು ಕೂಗಿದರು.

"ಬಂದೇ, ಒಂದು ನಿಮಿಷ ತಡ್ಕೊಳೋಕೇನು?" ಎಂದು ನಾವಿಬ್ಬರೂ ಒಟ್ಟಿಗೇ, ಒಂದೇ ಗಂಟಲಿನಲ್ಲಿ ಕೂಗಿದೆವು.